ಅಂಕಣದ ಲೆಕ್ಕ

"ಎಷ್ಟು ಅಂಕಣ ಬಿಚ್ಚಸ್ತಿ?" ಅಂತ ಅವ್ವ ಕೇಳಿದಳು. "ಎರಡು" ಅಂದೆ. ಹಿಂದಿನ ಎರಡು ಅಂಕಣದ ಮಾಳಿಗೆ ಎರಡು ಮಳೆಗಾಲದಿಂದ ಸೋರುತ್ತಿತ್ತು. ನಡುವಿನ ತೊಲೆ ಬಾಗಿ, ಜಂತಿಗಳ ತುದಿಗೆ ಗೆದ್ದಲು ಹತ್ತಿತ್ತು. ಕೆಳಗೆ ಮಲಗುವುದಕ್ಕೆ ಭಯವಾಗಿ ಬಿಚ್ಚಿಸಲೇಬೇಕಾಯಿತು.

ನಮ್ಮೂರು ವಡ್ಡಿನಲ್ಲಿ ಹೀಗೆ ಅಂಕಣ ಎಣಿಸಿ ಮಾತಾಡುವವರು ಈಗ ಕಡಿಮೆ. ತೋರಣಗಲ್ಲಿನ ರಸ್ತೆಯಲ್ಲಿರುವ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ನಾನು ಚಾವಣಿಗಳ ಎಸ್ಟಿಮೇಟ್ ಹಾಕುವವನು. ಅಲ್ಲಿಗೆ ಬರುವವರು "ಅಡಿಗೆ ಎಷ್ಟು ಬೀಳ್ತೈತಿ?" ಎಂದೇ ಮಾತು ಶುರು ಮಾಡುತ್ತಾರೆ. ಇಪ್ಪತ್ತು ವರ್ಷದಿಂದ ಎಕ್ಸೆಲ್‌ನಲ್ಲಿ ಊರವರ ತಲೆಯ ಮೇಲಿನ ಸೂರನ್ನು ಚದರಡಿಗೆ ಇಳಿಸಿ ಕೊಟ್ಟಿದ್ದೇನೆ. ನಮ್ಮ ಮನೆಯ ಮಾಳಿಗೆಯನ್ನು ಮಾತ್ರ ಒಂದು ದಿನವೂ ಅಳೆದಿರಲಿಲ್ಲ.

ಬಿಚ್ಚುವ ದಿನ ಅಳೆದೆ. ಒಂದೊಂದು ಅಂಕಣ 7 ಅಡಿ ಅಗಲ, 16 ಅಡಿ ಉದ್ದ. ಎರಡು ಸೇರಿ 224 ಚದರಡಿ. ಗುದ್ದಲಿ ಹಾಕಿದ ಕಡೆ ಮಣ್ಣಿನ ದಪ್ಪ ಎಲ್ಲಿಯೂ 8 ಇಂಚಿಗೆ ಕಡಿಮೆ ಇರಲಿಲ್ಲ, ನೀರು ಹರಿಯುವ ದೋಣಿಯ ಹತ್ತಿರ 14 ಇಂಚು. ಸರಾಸರಿ 11 ಎಂದು ಹಿಡಿದರೆ 205 ಘನ ಅಡಿ. ಗಟ್ಟಿಯಾಗಿ ಕೂತ ಮಣ್ಣು ಘನ ಅಡಿಗೆ 45 ಕೆ.ಜಿ. ತೂಗುತ್ತದೆ. ಒಂಬತ್ತು ಟನ್ನಿಗೆ ಮೇಲೆ ಬಂತು! ಅಷ್ಟು ಭಾರದ ಕೆಳಗೆ ನಾವು ಮೂವರು ಮಕ್ಕಳು ಹುಟ್ಟಿ, ಆಡಿ, ಪರೀಕ್ಷೆಗೆ ಓದಿದ್ದೆವು. ಅದರ ಜಾಗಕ್ಕೆ ನಾನು ತರಿಸಿದ್ದ ಬಣ್ಣದ ಶೀಟುಗಳು ಪೈಪು ಬಿಟ್ಟರೆ ನೂರು ಕೆ.ಜಿ. ಕೂಡ ಇರಲಿಲ್ಲ.

ಒಡೆದ ಹೆಂಟೆಯೊಂದನ್ನು ಕೈಯಲ್ಲಿ ಹಿಡಿದು ನೋಡಿದಾಗ ಅದರ ಅಡ್ಡಕ್ಕೆ ಪದರ ಪದರವಾಗಿ ಗೆರೆಗಳಿದ್ದವು. ಅಜ್ಜ ಮೊದಲು ಹಾಕಿದ್ದು ಅಡಿಯ ಕೆಂಪು ಮಣ್ಣು, ಸುಮಾರು 6 ಇಂಚು. ಅದರ ಮೇಲಿನದೆಲ್ಲ ಆಮೇಲಿನ ವರ್ಷಗಳದ್ದು. ಮಳೆ ಬರುವ ಮುಂಚೆ ಬಳಿದ ಬೂದಿ ಬಣ್ಣದ ಚೌಳು ಮಣ್ಣಿನ ಪದರಗಳು ಒಂದರ ಮೇಲೊಂದು ಕೂತಿದ್ದವು.

ಅಂಕಣ ಎಂದರೆ ಎರಡು ತೊಲೆಗಳ ನಡುವಿನ ಜಾಗ. ತೊಲೆಯಿಂದ ತೊಲೆಗೆ ಜಂತಿ ಹಾಯಿಸಬೇಕು, ಜಂತಿಯ ಉದ್ದ ಮರ ಕೊಟ್ಟಷ್ಟು. ಬೇವಿನ ಮರ ಏಳಡಿಯ ನೇರ ಜಂತಿ ಕೊಟ್ಟರೆ ಅಂಕಣ ಏಳಡಿಯಾಗುತ್ತಿತ್ತು. ಹಾಗಾಗಿ ನಮ್ಮಲ್ಲಿ ಅದಕ್ಕೆ ಕಟ್ಟುನಿಟ್ಟಿನ ಅಳತೆ ಇರಲಿಲ್ಲ. ಗಡಿಯಾಚೆ ಆಂಧ್ರದಲ್ಲಿ ಇದೇ ಪದ ನಿವೇಶನದ ಅಳತೆಯಾಗಿ ನಿಂತುಬಿಟ್ಟಿದೆ. ತಿರುಪತಿಯ ಕಡೆ ಒಂದು ಅಂಕಣಕ್ಕೆ 36 ಚದರಡಿ, ನೆಲ್ಲೂರಿನ ಕಡೆ 72. 36 ಎಂದರೆ ಆರಡಿಗೆ ಆರಡಿ. ಆರಡಿ ಎಂದರೆ ನಾಲ್ಕು ಮೊಳ, ಒಂದು ಮಾರು. ಮನುಷ್ಯ ಎರಡೂ ಕೈ ಚಾಚಿ ನಿಂತಷ್ಟು ಅಗಲ.

ಈ ಪದ ಮನಸ್ಸಿನಲ್ಲಿಟ್ಟುಕೊಂಡು ಹಂಪಿಗೆ ಹೋದರೆ ಅಲ್ಲಿನ ನೆಲವೂ ಬೇರೆ ಥರ ಕಾಣುತ್ತದೆ. ಮಹಾನವಮಿ ದಿಬ್ಬದ ಆವರಣದಲ್ಲಿ ನೂರು ಕಂಬದ ಸಭಾಂಗಣ ಎಂದು ತೋರಿಸುವ ಕಟ್ಟೆ ಇದೆ. ಕಂಬಗಳಿಲ್ಲ, ಚಾವಣಿಯೂ ಇಲ್ಲ. ಕಂಬಗಳು ಮರದವು. 1565ರ ಸೋಲಿನ ನಂತರದ ಬೆಂಕಿ ಮತ್ತು ಲೂಟಿಯಲ್ಲಿ ವಿಜಯನಗರದ ಅರಮನೆಗಳ ಮರಗೆಲಸವೆಲ್ಲ ಹೋಯಿತು. ಅಲ್ಲಿ ಉಳಿದದ್ದು ಕಂಬದ ಬುಡ ಕೂತಿದ್ದ ಕಲ್ಲಿನ ಗುಳಿಗಳು, ಸಾಲಿಗೆ ಹತ್ತರಂತೆ ಹತ್ತು ಸಾಲು. ನಾನು ಅವುಗಳ ಮಧ್ಯೆ ನಿಂತು ಗುಳಿಗಳನ್ನು ಬಿಟ್ಟು ನಡುವಿನ ಜಾಗಗಳನ್ನು ಎಣಿಸಿದೆ. ನೂರು ಕಂಬಕ್ಕೆ ಅಡ್ಡಡ್ಡ ಒಂಬತ್ತು, ಉದ್ದುದ್ದ ಒಂಬತ್ತು, ಒಟ್ಟು 81 ಚೌಕ ಆಗುತ್ತವೆ. ತೊಲೆ ಎಷ್ಟು, ಅಡ್ಡತೊಲೆ ಎಷ್ಟು, ಒಂದು ಚೌಕಕ್ಕೆ ಜಂತಿ ಎಷ್ಟು ಎಂದು ಲೆಕ್ಕ ಹಾಕಿದವನೊಬ್ಬ ಆ ಕಾಲದಲ್ಲೂ ಇದ್ದಿರಲೇಬೇಕು. ಅವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಗುಡಿಗಳ ಚಾವಣಿ ಮಾತ್ರ ಉಳಿದುಕೊಂಡಿತು. ಅದು ಕಲ್ಲಿನದು. ಕಂಬದಿಂದ ಕಂಬಕ್ಕೆ ಕಲ್ಲಿನ ತೊಲೆ, ಅದರ ಮೇಲೆ ಬಂಡೆ, ಬಂಡೆಯ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಚ್ಚು. ಅಲ್ಲಿಯೂ ಕಂಬಗಳ ಅಂತರ ನಿಂತಿದ್ದು ಬಂಡೆ ಎಷ್ಟು ಉದ್ದ ಸೀಳಿತು ಎಂಬುದರ ಮೇಲೆ. ಬೆಣೆ ಹೊಡೆದು ಸೀಳಿದ ಗುರುತಿನ ಸಾಲು ಹಂಪಿಯ ಗುಂಡುಗಳ ಮೇಲೆ ಇಂದಿಗೂ ಇದೆ.

ಪತ್ರಿಕೆಯವರು ಪುಟದ ಉದ್ದನೆಯ ಭಾಗವನ್ನು ಅಂಕಣ ಎಂದು ಕರೆದದ್ದು ಮನೆ ಕಟ್ಟುವವರಿಂದ ಬಂದ ಮಾತು ಎಂದೇ ನನಗೆ ಅನ್ನಿಸುತ್ತದೆ. ಎರಡು ಗೆರೆಗಳ ನಡುವಿನ ಜಾಗ ಅದು. ಎಕ್ಸೆಲ್‌ನಲ್ಲಿ ಎ, ಬಿ, ಸಿ ಎಂದು ಸಾಲಾಗಿ ನಿಂತವಕ್ಕೂ ಕನ್ನಡದಲ್ಲಿ ಹೆಸರಿಡು ಎಂದರೆ ನಾನು ಬೇರೆ ಪದ ಹುಡುಕುವುದಿಲ್ಲ.

ಅಜ್ಜ ಮಾಳಿಗೆ ಹಾಕುವುದರಲ್ಲಿ ಹೆಸರಾದವನು. ಓದು ಬರಹ ಇರಲಿಲ್ಲ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಮಾತ್ರ ನಾಲಗೆಯ ತುದಿಯಲ್ಲಿತ್ತು. ಮನೆ ನೋಡಲು ಹೋದರೆ ಮೊದಲು ಗೋಡೆಗೆ ಕೈ ಬಡಿಯುತ್ತಿದ್ದ, ಆಮೇಲೆ ಮೊಳ ಹಾಕುತ್ತಿದ್ದ. ಅಂಕಣಕ್ಕೆ ಇಷ್ಟು ಜಂತಿ, ಜಂತಿಯ ಮೇಲೆ ಇಷ್ಟು ಹೊರೆ ಸೀಳು ಕಟ್ಟಿಗೆ, ಅದರ ಮೇಲೆ ಇಷ್ಟು ಹೊರೆ ಬೇವಿನ ಸೊಪ್ಪು, ಇಷ್ಟು ಬಂಡಿ ಕಲಸಿದ ಮಣ್ಣು, ಕೊನೆಗೆ ಇಷ್ಟು ಹೇರು ಚೌಳು ಎಂದು ಹೇಳುತ್ತಿದ್ದ. ಅಷ್ಟೇ ಅವನ ಎಸ್ಟಿಮೇಟು. ಅದರಲ್ಲಿ ರೂಪಾಯಿ ಎಂಬ ಮಾತೇ ಇರುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಮರ ಹೊಲದ ಬದುವಿನದು, ಮಣ್ಣು ಕೆರೆಯದು, ಆಳುಗಳು ಮುಯ್ಯಿಗೆ ಬಂದವರು. ಇವತ್ತು ನಿನ್ನ ಮಾಳಿಗೆಗೆ ನಾನು, ನಾಳೆ ನನ್ನ ಕಣಕ್ಕೆ ನೀನು. ಬಡಗಿಗೂ ಅಜ್ಜನಿಗೂ ಸುಗ್ಗಿಯಲ್ಲಿ ಜೋಳ ಸಲ್ಲುತ್ತಿತ್ತು.

ಚೌಳಿನ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳಬೇಕು. ಹೊಲಕ್ಕೆ ಚೌಳು ಬಂದರೆ ರೈತ ಕಣ್ಣೀರು ಹಾಕುತ್ತಾನೆ, ಬೆಳೆ ಏಳುವುದಿಲ್ಲ. ತುಂಗಭದ್ರಾ ಕಾಲುವೆ ಬಂದ ಮೇಲೆ ಕಂಪ್ಲಿ, ಸಿರುಗುಪ್ಪದ ಕಡೆ ನೀರು ನಿಂತು ಎಷ್ಟೋ ಒಳ್ಳೆಯ ಭೂಮಿ ಚೌಳಾಯಿತು. ಅದೇ ಮಣ್ಣನ್ನು ಮಾಳಿಗೆಗೆ ಹಾಕಿದರೆ ಮನೆ ಕಾಯುತ್ತದೆ. ಅದರೊಳಗಿನ ಸೋಡಿಯಂ ಉಪ್ಪು ಜೇಡಿಯ ಕಣಗಳನ್ನು ಬಿಡಿಸಿಬಿಡುತ್ತದೆ. ನೀರು ಬಿದ್ದ ಕೂಡಲೇ ಆ ಸಣ್ಣ ಕಣಗಳು ಸಂದುಗಳಿಗೆ ಕೂತು ಬಾಯಿ ಮುಚ್ಚುತ್ತವೆ, ಕೆಳಗೆ ಹನಿ ಇಳಿಯುವುದಿಲ್ಲ. ಬೆಳೆಯ ಬೇರಿಗೆ ನೀರು ತಲುಪದಂತೆ ಮಾಡುವ ಗುಣವೇ ಇಲ್ಲಿ ಉಪಕಾರ. ಇದನ್ನು ಯಾವ ಕಾಲೇಜೂ ಅಜ್ಜನಿಗೆ ಕಲಿಸಿರಲಿಲ್ಲ. ಒಂದು ಚಿಟಿಕೆ ನಾಲಗೆಗೆ ಹಚ್ಚಿ ನೋಡಿ, ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳುತ್ತಿದ್ದ. ಆದರೆ ಮೇಲಿನ ಪದರ ಪ್ರತಿ ಮಳೆಗೂ ಒಂದಿಷ್ಟು ತೊಳೆದು ಹೋಗುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಅದಕ್ಕಾಗಿ ವರ್ಷ ವರ್ಷ ಹೊಸದು ಹಾಕಬೇಕು. ಹಾಕಿದ್ದೆಲ್ಲ ತೊಳೆದು ಹೋಗುವುದೂ ಇಲ್ಲ. ಹಾಗೆ ಉಳಿದುಳಿದೇ ನಮ್ಮ ಜಂತಿಯ ಮೇಲೆ ಒಂಬತ್ತು ಟನ್ ಸೇರಿತು. ನೂರು ಚದರಡಿಗೆ ಒಂದು ಇಂಚು ಮಣ್ಣು ಏರಿದರೆ ಹೆಚ್ಚು ಕಡಿಮೆ 380 ಕೆ.ಜಿ. ಏರಿದಂತೆ. ಮೂರು ದಿನ ಜಡಿಮಳೆ ಹಿಡಿದರೆ ಹಳೆಯ ಮಾಳಿಗೆಗಳು ಯಾಕೆ ಕುಸಿಯುತ್ತವೆ ಎಂಬುದಕ್ಕೆ ಈ ಒಂದು ಅಂಕಿ ಸಾಕು.

ದುಡ್ಡು ಕೊಟ್ಟು ತರುವ ಚಾವಣಿ ನಮ್ಮ ಸೀಮೆಗೆ ಹಳಿಯ ಹಿಂದೆ ಬಂತು. 1880ರ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆ ದಾಟಿ ರೈಲು ಹಾದ ಮೇಲೆ ದೂರದೂರದ ಸಾಮಾನು ಇಳಿಯಲು ದಾರಿಯಾಯಿತು. ಅದಕ್ಕೂ ಮುಂಚೆ, 1865ರಲ್ಲಿ, ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದ್ದರು. ಒಂದೇ ಅಚ್ಚು, ಒಂದೇ ಅಳತೆ, ಒಂದಕ್ಕೊಂದು ಕಚ್ಚಿಕೊಳ್ಳುವ ಅಂಚು. ಅಚ್ಚಿನ ಹೆಂಚು ಬಂದದ್ದೇ ಲೆಕ್ಕದ ರೀತಿ ಬದಲಾಯಿತು. ಬಂಡಿ ಮಣ್ಣು ಒಬ್ಬನದು ಇನ್ನೊಬ್ಬನಂತೆ ಇರುವುದಿಲ್ಲ, ಹೆಂಚು ಮಾತ್ರ ಎಲ್ಲಿ ತಂದರೂ ಚದರ ಮೀಟರಿಗೆ ಸುಮಾರು 15. ಮನೆ ನೋಡದೆಯೇ ಲೆಕ್ಕ ಹೇಳಬಹುದು. ಇಳಿಜಾರು ಗೊತ್ತಿದ್ದರೆ ಸಾಕು.

ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಇಂದಿಗೂ ಹೆಂಚಿನ ಮನೆಯಿಂದಲೇ ಶುರು ಮಾಡಿಸುತ್ತೇನೆ. 24 ಅಡಿ ಅಗಲ, 30 ಅಡಿ ಉದ್ದದ ಮನೆ. ಎರಡು ಇಳಿಜಾರು ಕೂಡುವ ನಡುವಿನ ನೆತ್ತಿ ಗೋಡೆಗಿಂತ 5 ಅಡಿ ಎತ್ತರ. ಅರ್ಧ ಅಗಲ 12, ಎತ್ತರ 5, ಹಾಗಾದರೆ ಇಳಿಜಾರು ಸರಿಯಾಗಿ 13 ಅಡಿ. ಎರಡು ಕಡೆ ಸೇರಿ 780 ಚದರಡಿ. ನೆಲ ಇರುವುದು 720. ನೆಲಕ್ಕಿಂತ ಸೂರು ದೊಡ್ಡದು ಎಂಬುದು ತಲೆಗೆ ಹತ್ತಿದ ದಿನ ಹುಡುಗ ಅರ್ಧ ಎಸ್ಟಿಮೇಟರ್ ಆದ ಹಾಗೆ. 780 ಚದರಡಿ ಎಂದರೆ 72 ಚದರ ಮೀಟರು ಚಿಲ್ಲರೆ, ಹೆಂಚು 1,087, ಒಡೆಯುವುದಕ್ಕೆ ನೂರಕ್ಕೆ ಐದು ಸೇರಿಸಿ 1,140ರ ಆಸುಪಾಸು.

ಗೆರೆ ಹಾಕಿದ ಲೆಕ್ಕ ನಮಗೆ ಬಂದದ್ದು ಸರಕಾರಿ ಕೆಲಸದಿಂದ. 1953ರ ಅಕ್ಟೋಬರ್ 1ರವರೆಗೆ ನಮ್ಮ ಬಳ್ಳಾರಿ ಸೀಮೆ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. 1945ರಿಂದ 1953ರವರೆಗೆ ಹೊಸಪೇಟೆಯ ಪಕ್ಕದಲ್ಲಿ ತುಂಗಭದ್ರಾ ಡ್ಯಾಮು ಕಟ್ಟಿದರಲ್ಲ, ಮದ್ರಾಸಿನ ಕಡೆಯಿಂದ ತಿರುಮಲೈ ಅಯ್ಯಂಗಾರರು ಎಂಜಿನಿಯರಾಗಿದ್ದರು. ಅಂಥ ಸರಕಾರಿ ಕೆಲಸಗಳ ಜೊತೆಗೆ ನಮ್ಮ ಮೇಸ್ತ್ರಿಗಳ ಕೈಗೆ ಒಂದು ಪುಸ್ತಕ ಬಂತು, ಮೆಷರ್‌ಮೆಂಟ್ ಬುಕ್ಕು. ಎಲ್ಲರ ಬಾಯಲ್ಲಿ ಎಂ.ಬಿ. ವಿವರ, ಸಂಖ್ಯೆ, ಉದ್ದ, ಅಗಲ, ಎತ್ತರ, ಪರಿಮಾಣ ಎಂದು ಗೆರೆ ಹಾಕಿದ ಪುಟ. ಬೇರೆ ಹಾಳೆಯಲ್ಲಿ ಪರಿಮಾಣ, ದರ, ಮೊತ್ತ. ಎಕ್ಸೆಲ್ ಮೊದಲ ಸಲ ತೆರೆದಾಗ ನನಗೆ ಅದು ಹೊಸದು ಅನ್ನಿಸಲೇ ಇಲ್ಲ. ಅಪ್ಪ ಗುತ್ತಿಗೆದಾರರ ಹತ್ತಿರ ಮೇಸ್ತ್ರಿಯಾಗಿದ್ದ. ಅವನ ಟ್ರಂಕಿನಲ್ಲಿ ನಕಲು ಮಾಡಿಟ್ಟ ಅಂಥ ಹಾಳೆಗಳಿದ್ದವು. 1957ಕ್ಕೆ ಮುಂಚಿನವುಗಳಲ್ಲಿ ರೂಪಾಯಿ, ಆಣೆ, ಪೈಗೆ ಮೂರು ಅಂಕಣ. ಒಂದು ಕಡೆ ದರ ಬದಲಾದರೆ ಕೆಳಗಿನದೆಲ್ಲ ಹೊಡೆದು ಹಾಕಿ ಮತ್ತೆ ಬರೆದಿದ್ದು ಕಾಣುತ್ತಿತ್ತು. ಕೆಂಪು ಶಾಯಿಯಲ್ಲಿ ತಿದ್ದಿದ ಆ ಸಾಲುಗಳನ್ನು ನೋಡಿದರೆ ಲಾಂದ್ರದ ಬೆಳಕಿನಲ್ಲಿ ಬಾಗಿ ಕೂತಿದ್ದವರು ಕಣ್ಣಿಗೆ ಕಟ್ಟುತ್ತಾರೆ.

ಇದೇ ಕಷ್ಟ ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿಯ ಕಣ್ಣಿಗೂ ಬಿತ್ತಂತೆ. ಮೇಷ್ಟ್ರು ಹಲಗೆಯ ಮೇಲೆ ಒಂದು ಅಂಕಿ ಬದಲಿಸಿದರೆ ಉಳಿದದ್ದನ್ನೆಲ್ಲ ಅಳಿಸಿ ಬರೆಯಬೇಕು. ಅವರು ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಕಂಪ್ಯೂಟರಿನ ಲೆಕ್ಕದ ಹಾಳೆ ಹೊರತಂದರು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಎಕ್ಸೆಲ್. ನಾನು ಕಲಿತದ್ದು 2000ದ ಸುಮಾರಿಗೆ, ಹೊಸಪೇಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ, ಒಂದು ಯಂತ್ರಕ್ಕೆ ಇಬ್ಬರು ಕೂತು. ನುಡಿ ತಂತ್ರಾಂಶ ಬಂದ ಮೇಲೆ ತಲೆಬರಹಗಳನ್ನು ಕನ್ನಡಕ್ಕೆ ತಿರುಗಿಸಿದೆ. ಅದು ಗಿರಾಕಿಗಳ ಮೇಲೆ ಇಂಥ ಪರಿಣಾಮ ಮಾಡುತ್ತದೆ ಎಂದು ನಾನು ಎಣಿಸಿರಲಿಲ್ಲ. ಅಲ್ಲಿಯವರೆಗೆ ಕೊನೆಯ ಮೊತ್ತ ನೋಡಿ "ಕಮ್ಮಿ ಮಾಡ್ರಿ" ಎನ್ನುತ್ತಿದ್ದವರು ಈಗ ಸಾಲಿನ ಮೇಲೆ ಬೆರಳಿಟ್ಟು "ಈ ಪೈಪು 2 ಇಂಚು ಯಾಕ್ರಿ, ಒಂದೂವರೆ ಸಾಲಂಗಿಲ್ಲೇನು?" ಎಂದು ಕೇಳತೊಡಗಿದರು. ನಾನು ಅಳತೆ ಬದಲಿಸಿ ಅವರೆದುರೇ ತೋರಿಸುತ್ತಿದ್ದೆ. ಗಾಳಿಗೆ ಏನಾಗುತ್ತದೆ ಎಂದೂ ಹೇಳುತ್ತಿದ್ದೆ. ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮಲ್ಲಿ ಬೀಸುವ ಬಿರುಗಾಳಿಗೆ ಹಗುರ ಶೀಟು ಹಕ್ಕಿಯಂತೆ ಏಳುತ್ತದೆ. ಒಂಬತ್ತು ಟನ್ನಿನ ಮಾಳಿಗೆಗೆ ಆ ಭಯ ಇರಲಿಲ್ಲ.

ನಡುವೆ ಇನ್ನೆಷ್ಟೋ ಚಾವಣಿಗಳು ಬಂದು ಹೋದವು. ಕಂಪ್ಲಿಯ ಗಾಣದ ಮನೆಗಳ ಕಬ್ಬಿನ ಸೋಗೆ, ಹಳೆಯ ಹಳಿ ತುಂಡುಗಳ ಮೇಲೆ ಹಾಸಿದ ಬೇತಂಚರ್ಲ ಬಂಡೆ, ಸಿಮೆಂಟ್ ಶೀಟು, ಆಶ್ರಯ ಯೋಜನೆಯ ಪುಟ್ಟ ಮನೆಗಳು. ಆದರೆ ವಡ್ಡಿನ ಸೂರನ್ನು ಬದಲಿಸಿದ್ದು ಕಬ್ಬಿಣವೇ. 1971ರಲ್ಲಿ ತೋರಣಗಲ್ಲಿನಲ್ಲಿ ಇಂದಿರಾ ಗಾಂಧಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಅಪ್ಪ ನಡೆದುಕೊಂಡು ಹೋಗಿ ನೋಡಿ ಬಂದಿದ್ದ. ಆ ಸರಕಾರಿ ಕಾರ್ಖಾನೆ ಏಳಲೇ ಇಲ್ಲ. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಹುಟ್ಟಿತು, ಆ ದಶಕ ಮುಗಿಯುವುದರೊಳಗೆ ಕುಲುಮೆ ಹೊತ್ತಿತು. ಬಿಹಾರ, ಒಡಿಶಾ, ಉತ್ತರ ಪ್ರದೇಶದಿಂದ ಬಂದ ಕೆಲಸಗಾರರಿಗೆ ತಲೆಯ ಮೇಲೊಂದು ಸೂರು ಬೇಕಿತ್ತು. ಹಿತ್ತಲಿದ್ದವರೆಲ್ಲ ಸಾಲು ರೂಮು ಹಾಕಿಸಿದರು. ಹತ್ತಡಿಗೆ ಹತ್ತಡಿ, ಮೇಲೆ ಶೀಟು. ಅಂಥ ಸಾಲು ರೂಮುಗಳ ನನ್ನ ಫೈಲಿನಲ್ಲಿ ರೂಮಿನ ಸಂಖ್ಯೆ ಹಾಕಿದರೆ ಸಾಕು, ಸ್ಕ್ರೂ ತನಕ ಲೆಕ್ಕ ಬೀಳುತ್ತಿತ್ತು.

ಆ ಕಾಲದಲ್ಲೇ ನಾನೊಂದು ತಪ್ಪು ಮಾಡಿದೆ. ಗಂಡ ತೀರಿಕೊಂಡ ಒಬ್ಬ ಅಕ್ಕ ಹಿಟ್ಟಿನ ಗಿರಣಿ ಹಾಕುತ್ತಿದ್ದಳು. 30 ಅಡಿ ಉದ್ದದ ಶೆಡ್ಡು, ಒಂದೇ ಇಳಿಜಾರು. ಶೀಟಿನ ಒಟ್ಟು ಅಗಲ 1,070 ಮಿ.ಮೀ. ಆದರೆ ಒಂದರ ಮೇಲೊಂದು ಹೊದಿಸುವಾಗ 70 ಹೋಗಿ ಹಾಸುವ ಅಗಲ 1,000 ಮಾತ್ರ ಉಳಿಯುತ್ತದೆ. ನಾನು ಸೂತ್ರದಲ್ಲಿ ಒಟ್ಟು ಅಗಲ ಹಾಕಿಬಿಟ್ಟಿದ್ದೆ. 9 ಶೀಟು ಎಂದು ಬಂತು, ಬೇಕಿದ್ದದ್ದು 10. ಕೊನೆಗೆ ಮೂರು ಇಂಚು ಸಂದು ಉಳಿಯಿತು. ಅಳತೆಗೆ ಕತ್ತರಿಸಿ ಬರುವ ಇನ್ನೊಂದು ಶೀಟು ತಲುಪುವ ಮುಂಚೆ ಮಳೆ ತಲುಪಿ ಮೋಟರಿನೊಳಗೆ ನೀರು ಹೊಕ್ಕಿತು. ಶೀಟಿನ ದುಡ್ಡೂ ಮೋಟರು ಸುತ್ತಿಸಿದ ದುಡ್ಡೂ ನಾನೇ ಕೊಟ್ಟೆ. ಆ ಅಕ್ಕ ನನ್ನನ್ನು ಬಯ್ಯಲಿಲ್ಲ. "ಕಂಪ್ಯೂಟರು ಹೇಳಿದ್ದು ತಪ್ಪಾಗ್ತೈತೇನಪ್ಪಾ?" ಎಂದು ಕೇಳಿದಳು. ಆವತ್ತಿನಿಂದ ಎಸ್ಟಿಮೇಟಿನ ಮೇಲ್ಭಾಗದಲ್ಲಿ "ಹಾಸುವ ಅಗಲ" ಎಂಬ ಸಾಲನ್ನು ಹಳದಿ ಬಣ್ಣದಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಗಿರಾಕಿಯಿಂದಲೇ ಓದಿಸುತ್ತೇನೆ.

2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ನಿಂತವು, ರೂಮುಗಳು ಖಾಲಿಯಾದವು. ಆ ವರ್ಷದ ನನ್ನ ಫೋಲ್ಡರು ಇಂದಿಗೂ ಹಾಗೇ ಇದೆ, ಆಗಸ್ಟಿನಿಂದ ಮುಂದೆ ಬಹುತೇಕ ಬರಿದು. ಆಮೇಲೆ ಕೆಲಸ ಮರಳಿತು. 2017ರ ಜುಲೈಯಿಂದ ಜಿ.ಎಸ್.ಟಿ.ಗೆ ಒಂದು ಸಾಲು ಸೇರಿತು, ಶೀಟಿಗೆ ನೂರಕ್ಕೆ 18. ಆದರೆ ಬೇಸಗೆಯಲ್ಲಿ ಶೀಟಿನ ಕೆಳಗೆ ಮಲಗುವವರ ಮುಖ ನೋಡಿದಾಗ ನನ್ನ ಹಾಳೆಯಲ್ಲಿ ಒಂದು ಸಾಲು ಕಡಿಮೆಯಿದೆ ಎಂದು ಅನ್ನಿಸುತ್ತಲೇ ಇತ್ತು. 40 ಡಿಗ್ರಿ ದಾಟಿದ ಮಧ್ಯಾಹ್ನವೂ ನಮ್ಮ ಮಾಳಿಗೆಯ ಕೆಳಗೆ ಅವ್ವ ನಿದ್ದೆ ಮಾಡುತ್ತಿದ್ದಳು. ಆ ತಂಪು ಪುಕ್ಕಟೆ ಎಂದೇ ನಾನು ತಿಳಿದಿದ್ದೆ.

ಹಾಗಾಗಿ ಮಣ್ಣೆಲ್ಲ ಮೂರು ಟ್ರಾಲಿಯಲ್ಲಿ ಹೋದ ರಾತ್ರಿ ಅಂಗಳದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಸ ಹಾಳೆ ತೆರೆದು ಅಜ್ಜನ ಮಾಳಿಗೆಯ ಎಸ್ಟಿಮೇಟ್ ಹಾಕತೊಡಗಿದೆ. ತೊಲೆ, ಜಂತಿ, ಕಟ್ಟಿಗೆ, ಸೊಪ್ಪು, ಮಣ್ಣು ಎಂದು ಬರೆದು ದರದ ಅಂಕಣಕ್ಕೆ ಬಂದರೆ ಎಲ್ಲ ಸೊನ್ನೆ. ಡ್ಯಾಮಿಗೆ ನೀರು ನಿಲ್ಲಿಸಿದ ವರ್ಷ ಹಾಕಿದ ಮಾಳಿಗೆ ಎಂದು ಮನೆಯಲ್ಲಿ ಮಾತು. ಹಾಗಾದರೆ 1953. ಚೌಳು ಹಾಕುವುದು ನಿಂತದ್ದು 2005ರಲ್ಲಿ, ಅಪ್ಪ ಏಣಿ ಹತ್ತಲಾರದೆ ಹೋದಾಗ. 52 ವರ್ಷ.

"ವರ್ಷಕ್ಕ ಎಷ್ಟು ದಿನ ಹಿಡಿತಿತ್ತವ್ವಾ, ಎಷ್ಟು ಆಳು?"

"ಮೂರು ದಿನ. ನಾಕು ಆಳು."

ಮೂರು ನಾಲ್ಕಲೆ ಹನ್ನೆರಡು, 52 ವರ್ಷಕ್ಕೆ 624 ಆಳು. ಉದ್ಯೋಗ ಖಾತ್ರಿಯಲ್ಲಿ 2024–25ರ ನಮ್ಮ ರಾಜ್ಯದ ಕೂಲಿ 349 ರೂಪಾಯಿ ಇತ್ತು. ಅದನ್ನೇ ಹಾಕಿದೆ. 2,17,776 ಎಂದು ಬಂತು. ಅವ್ವನಿಗೆ ಓದಿ ಹೇಳಿದೆ. ಅವಳು ಸುಮ್ಮನೆ ಎಲೆ ಅಡಿಕೆ ಮಡಿಸುತ್ತಿದ್ದಳು.

"ಬುಟ್ಟಿ ಹೊತ್ತೋರನ್ನ ಹಿಡದಿಯೇನು?" ಎಂದಳು.

"ನಾಕು ಆಳು ಅಂದ್ಯಲ್ಲ?"

"ಅವ್ರು ಮ್ಯಾಲೆ ಬಡಿಯೋ ಗಂಡಾಳು. ಕೆರಿಯಿಂದ ಮಣ್ಣು ಹೊತ್ತು ಏಣಿ ಹತ್ತಿದೋರು ಮೂರು ಮಂದಿ ಹೆಂಗಸ್ರು. ನಾನು ಈ ಮನಿಗೆ ಬರೋಕಿಂತ ಮೊದ್ಲು ನಿಮ್ಮಜ್ಜಿ, ಆಕಿ ತಂಗಿ, ಮಗ್ಗಲ ಮನಿ ದೊಡ್ಡವ್ವ. ಆಮ್ಯಾಲೆ ಆಕಿ ತಂಗಿ ಜಾಗಕ್ಕ ನಾನು."

ಒಂದು ಸಾಲು ಸೇರಿಸಿದೆ. ಮೂರು ಮಂದಿ, ಮೂರು ದಿನ, 52 ವರ್ಷ. 468 ಆಳು, 1,63,332 ರೂಪಾಯಿ. ಕೆಳಗಿನ ಮೊತ್ತ ತಾನಾಗಿ 3,81,108ಕ್ಕೆ ಏರಿತು. ವಿವರದ ಅಂಕಣದಲ್ಲಿ "ಬುಟ್ಟಿ ಹೊತ್ತವರು" ಎಂದು ಬರೆದದ್ದನ್ನು ಓದಿದೆ.

"ಹೆಸರು ಹಾಕು" ಅಂದಳು ಅವ್ವ.

ಆ ಸಾಲನ್ನು ಅಳಿಸಿ ನಾಲ್ಕು ಸಾಲು ಮಾಡಿದೆ. ಅಜ್ಜಿಯ ಹೆಸರು ಮೊದಲು ಬರೆದೆ. ಅವ್ವನದಕ್ಕೆ ಬಂದಾಗ ಯಾವ ವರ್ಷದಿಂದ ಎಂದು ಕೇಳಿದೆ. ಅವಳು ಬೆರಳು ಮಡಿಸಿ ಎಣಿಸತೊಡಗಿದಳು.